ಕರೆಂಟು ಹೋದಾಗ ನರಳಿದ ಹಾಡು

೨೦೦೬ರ ಆಗಸ್ಟ್ ೧೮, ಶುಕ್ರವಾರ, ಬೆಳಿಗ್ಗೆ ಒಂಬತ್ತೂವರೆ. ಮುರಳಿಕೃಷ್ಣ ಎಂಬಾತ ಗರಿಗರಿ ಇಸ್ತ್ರಿ ಅಂಗಿ ತೊಟ್ಟು, ಟೈಪು ಮಾಡಿಸಿದ ದೂರು ಹಿಡಿದು ಹಿಂದೂಪುರದ ಠಾಣೆಗೆ ಬಂದ. ಹಳೇ ರೆಕಾರ್ಡುಗಳ ಹಾಡನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡಿಕೊಡುವ ಸ್ಟುಡಿಯೋ ಅವನದು. ಕಲ್ಯಾಣದುರ್ಗದ ಮೈಕ್‌ಸೆಟ್ ಜಯಣ್ಣ ಮೂವತ್ತು ವರ್ಷ ಕೂಡಿಟ್ಟಿದ್ದ ಡಿಸ್ಕೋ ರೆಕಾರ್ಡುಗಳು, ಒಟ್ಟು ಇನ್ನೂರ ಹನ್ನೆರಡು, ಸಿ.ಡಿ. ಮಾಡಿಕೊಡಲೆಂದು ಅವನ ಕೈಗೆ ಬಂದಿದ್ದವಂತೆ. ಹಿಂದಿನ ರಾತ್ರಿ ಅಷ್ಟೂ ಕಳುವಾಗಿದ್ದವು. ಬೀಗ ಒಡೆದಿರಲಿಲ್ಲ.

"ಬೀಗದ ಕೈ ಯಾರ ಹತ್ರ ಇರ್ತದೆ?" ಎಸ್‌ಐ ಈರಲಿಂಗಪ್ಪ ಕೇಳಿದ.

"ಒಂದು ನನ್ನತ್ರ ಸಾರ್. ಇನ್ನೊಂದು ಕಸ ಗುಡ್ಸೋ ನರಸಕ್ಕನ ಹತ್ರ. ಬೆಂಗ್ಳೂರಲ್ಲಿ ಈ ಪ್ಲೇಟುಗಳಿಗೆ ಒಳ್ಳೇ ಗಿರಾಕಿ ಅದೆ ಅಂತ ನಾನೇ ಅವಳ ಮುಂದೆ ಬಾಯ್ಬಿಟ್ಟು ಹೇಳಿದ್ದೆ. ನನ್ನ ಬುದ್ಧಿಗೆ ಮಣ್ಣಾಕ."

ಹೆಡ್ ಕಾನ್‌ಸ್ಟೇಬಲ್ ಓಬಣ್ಣ ಎಫ್‌ಐಆರ್ ಬರೆದ. ಆರೋಪಿಯ ಹೆಸರಿನ ಜಾಗದಲ್ಲಿ ನರಸಕ್ಕನ ಹೆಸರು ಕೂತಿತು. ಹತ್ತೂಕಾಲಿಗೆ ಸ್ಥಳ ಪಂಚನಾಮೆ. ಮೂವತ್ತು ಸಾವಿರದ ಕಂಪ್ಯೂಟರು ಮೇಜಿನ ಮೇಲೆ ಹಾಗೇ ಇತ್ತು, ಅದರ ಪಕ್ಕದಲ್ಲಿ ರೆಕಾರ್ಡ್ ಪ್ಲೇಯರೂ ಇತ್ತು. ಕಂಪ್ಯೂಟರು ಬಿಟ್ಟು ಹಳೇ ರೆಕಾರ್ಡು ಹೊತ್ತೊಯ್ಯುವ ಕಳ್ಳಿ ಎಲ್ಲಿಯವಳಪ್ಪಾ ಎಂದು ಈರಲಿಂಗಪ್ಪ ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಬದಲಿಗೆ ಮಧ್ಯಾಹ್ನ ಠಾಣೆಯಲ್ಲಿ ಆ ಹೆಂಗಸಿನ ಮುಂದೆ ಲಾಠಿಯಿಂದ ಮೇಜು ಗುದ್ದಿ, "ಎಲ್ಲಿಟ್ಟಿದ್ದೀಯ ಬೊಗಳು" ಎಂದು ಕಿರುಚಿದ.

"ನಾನ್ ತಗಂಡಿಲ್ಲ ಸ್ವಾಮಿ. ಆ ಕರೀ ತಟ್ಟೆ ತಗಂಡು ನಾನೇನ್ ಮಾಡ್ಲಿ?" ಎಂದಳು ನರಸಕ್ಕ. ಐವತ್ತರ ಹತ್ತಿರದ ಹೆಂಗಸು. ಒಂದು ವಾರ ಅದನ್ನೇ ಹೇಳಿದಳು. ಬೆಳಿಗ್ಗೆ ಬರಬೇಕು, ಸಂಜೆಯವರೆಗೆ ಠಾಣೆಯ ಬಾಗಿಲ ಪಕ್ಕ ಕೂರಬೇಕು. ಬಸ್‌ಸ್ಟ್ಯಾಂಡಿಗೆ ಹೋಗುವವರೆಲ್ಲ ನೋಡಿಕೊಂಡು ಹೋಗುತ್ತಿದ್ದರು. ಅವಳು ಕೆಲಸ ಮಾಡುತ್ತಿದ್ದ ನಾಲ್ಕೂ ಮನೆಯವರು, ನಾಳೆಯಿಂದ ಬರಬೇಡ ಕಣಮ್ಮ ಎಂದುಬಿಟ್ಟರು. ಸೋಮವಾರದೊಳಗೆ ದಸ್ತಗಿರಿ ತೋರಿಸಿ ರಿಮ್ಯಾಂಡಿಗೆ ಕಳಿಸು ಎಂದು ಸರ್ಕಲ್ ಸಾಹೇಬರ ಫೋನು ಬಂದಿತ್ತು.

೨೫ರ ಶುಕ್ರವಾರ ಹನ್ನೊಂದು ಗಂಟೆಗೆ ಕಲ್ಯಾಣದುರ್ಗದ ಬಸ್ಸಿಳಿದು ಜಯಣ್ಣ ಬಂದರು. ಒಣಕಲು ಮೈ, ಬಗಲಲ್ಲಿ ಪ್ಲಾಸ್ಟಿಕ್ ಚೀಲ. ಚೀಲದೊಳಗಿಂದ ಒಂದು ಸಿ.ಡಿ. ತೆಗೆದು ಮೇಜಿನ ಮೇಲಿಟ್ಟರು.

"ಕಳುವಾಗೋಕೆ ಮುಂಚೆ ಇಳಿಸ್ಕೊಂಡಿದ್ದು ಇಷ್ಟೇಯ, ಸಮಾಧಾನಕ್ಕೆ ಇಟ್ಕೊಳ್ಳಿ ಅಂತ ಮುರಳಿಕೃಷ್ಣ ನಿನ್ನೆ ಕೊಟ್ಟ ಸಾರ್. ಹನ್ನೆರಡ್ನೇ ಹಾಡು ಒಸಿ ಹಾಕಿ ಕೇಳಿ."

ಠಾಣೆಯ ಕಂಪ್ಯೂಟರು ನೋಡಿಕೊಳ್ಳುವ ಕಾನ್‌ಸ್ಟೇಬಲ್ ತನುಜಾ ಹಾಕಿದಳು. ತಾಳ ಬಡಿಯುತ್ತಿತ್ತು, ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಹಾಡುತ್ತಿದ್ದಳು. ನಡುವೆ ದನಿ ಇದ್ದಕ್ಕಿದ್ದಂತೆ ದಪ್ಪಗಾಯಿತು, ಎಳೆದುಕೊಂಡು ಎಳೆದುಕೊಂಡು ಕೋಣದ ಹಾಗೆ ನರಳಿ ನಿಂತುಹೋಯಿತು. ಓಬಣ್ಣನಿಗೆ ನಗು ಬಂತು.

"ನಗಬೇಡಿ ಸಾರ್," ಎಂದರು ಜಯಣ್ಣ. "ಅದು ಕರೆಂಟ್ ಹೋಗಿದ್ದು. ಪ್ಲೇಟು ನಿಧಾನ ಆಗ್ತಾ ಆಗ್ತಾ ನಿಂತದೆ. ಮೂವತ್ತು ವರ್ಷ ಮದುವೆ ಮನೇಲಿ ಕೇಳಿದೀನಿ. ಮೈಕಿಗೆ ಬ್ಯಾಟರಿ ಇರ್ತಿತ್ತು, ಜನರೇಟರ್ ಶುರುವಾಗೋವರ್ಗೂ ಬೆರಳಲ್ಲೇ ಅದೇ ಸ್ಪೀಡಿಗೆ ಪ್ಲೇಟು ತಿರುಗಿಸ್ಕೊಂಡು ಮರ್ಯಾದೆ ಉಳಿಸ್ಕೊಂಡಿದೀನಿ. ಆ ಸದ್ದು ನನಗೆ ಗೊತ್ತಾಗಲ್ವಾ?"

"ಕರೆಂಟ್ ಹೋದ್ರೆ ಕಂಪ್ಯೂಟರೂ ನಿಲ್ಲಬೇಕಲ್ಲ?" ಕೇಳಿದ ಈರಲಿಂಗಪ್ಪ.

"ಕಂಪ್ಯೂಟರಿಗೆ ಯುಪಿಎಸ್ ಇರ್ತದೆ ಸಾರ್," ಎಂದಳು ತನುಜಾ. "ರೆಕಾರ್ಡ್ ಪ್ಲೇಯರಿಗೆ ಇರಲಿಲ್ಲ ಅನ್ಸುತ್ತೆ. ಇದು ನಿಂತೋಯ್ತು, ಅದು ಬರ್ಕೊಳ್ತಾ ಹೋಯ್ತು." ಪರದೆಗೆ ಬಗ್ಗಿ ನೋಡಿದಳು. "ಸಾರ್, ಈ ಹಾಡು ಸೇವ್ ಆಗಿರೋದು ಆಗಸ್ಟ್ ಇಪ್ಪತ್ತೊಂದು, ಬೆಳಿಗ್ಗೆ ಹನ್ನೊಂದು ಇಪ್ಪತ್ತಮೂರಕ್ಕೆ."

ಹದಿನೇಳರ ರಾತ್ರಿ ಕಳುವಾದ ರೆಕಾರ್ಡು ಇಪ್ಪತ್ತೊಂದಕ್ಕೆ ಹಾಡಿದೆ! ಈರಲಿಂಗಪ್ಪನಿಗೆ ಮೊದಲು ಬಂದದ್ದು ಖುಷಿಯಲ್ಲ, ಹೇಸಿಗೆ. ಬಾಗಿಲ ಹತ್ತಿರ ಮೊಣಕಾಲು ತಬ್ಬಿ ಕೂತಿದ್ದ ನರಸಕ್ಕನ ಕಡೆ ನೋಡಲು ಅವನಿಗೆ ಮುಖವಿರಲಿಲ್ಲ.

ಹನ್ನೆರಡೂವರೆಗೆ ಮುರಳಿಕೃಷ್ಣನನ್ನು ಕರೆಸಿದರು.

"ಇಪ್ಪತ್ತೊಂದನೇ ತಾರೀಖು ಏನ್ ಮಾಡ್ತಿದ್ದೆ?"

"ಸ್ಟುಡಿಯೋದಲ್ಲಿದ್ದೆ ಸಾರ್."

"ಯಾವ ರೆಕಾರ್ಡು ಹಾಕಿದ್ದೆ?"

"ಯಾವ್ದೂ ಲೇದು ಸಾರ್, ಎಲ್ಲಾ ಹೋಗಿತ್ತಲ್ಲ."

ತನುಜಾ ತಾರೀಖು ತೋರಿಸಿದಳು. ಅವನು ಕಣ್ಣು ಕೂಡ ಮಿಟುಕಿಸಲಿಲ್ಲ. "ನಮ್ ಕಂಪ್ಯೂಟರಿನ ಗಡಿಯಾರದ ಬ್ಯಾಟರಿ ಸತ್ತೋಗಿದೆ ಮೇಡಂ. ತಾರೀಖು ಟೈಮು ಎಲ್ಲಾ ಹೆಂಗೆಂಗೋ ತೋರಿಸ್ತದೆ." ಹೇಳಿ ಕಾಲ ಮೇಲೆ ಕಾಲು ಹಾಕಿಕೊಂಡು ನೀರು ಕೇಳಿದ. ಆ ನೀರು ತಂದುಕೊಡಲು ಎದ್ದವಳು ಯಾರು? ನರಸಕ್ಕ. ವಾರದಿಂದ ಕೂತು ಕೂತು ಅವಳಿಗೆ ಠಾಣೆಯ ಮಡಕೆಯೂ ಗೊತ್ತಾಗಿತ್ತು. ಅವನು ಲೋಟ ಇಸಿದುಕೊಂಡು ಕುಡಿದ. ಥೂ, ಎಂಥ ಜನ್ಮ ಎನ್ನಿಸಿತು ಈರಲಿಂಗಪ್ಪನಿಗೆ.

ಎರಡು ಗಂಟೆಗೆ ಓಬಣ್ಣ ವಿದ್ಯುತ್ ಸಬ್‌ಸ್ಟೇಷನ್ನಿಗೆ ಹೋದ. ಅಲ್ಲಿಯ ದಿನವಹಿ ಪುಸ್ತಕದಲ್ಲಿ ಲೈನ್‌ಮನ್‌ನ ಕೈಬರಹವಿತ್ತು: ಇಪ್ಪತ್ತೊಂದನೇ ತಾರೀಖು ಹನ್ನೊಂದು ಇಪ್ಪತ್ತಕ್ಕೆ ಮಾರ್ಕೆಟ್ ರಸ್ತೆಯ ತಂತಿಯ ಮೇಲೆ ಬೇವಿನ ಕೊಂಬೆ ಬಿದ್ದು ಕರೆಂಟು ಹೋಗಿದೆ, ಬಂದದ್ದು ಹನ್ನೆರಡೂ ಮುಕ್ಕಾಲಿಗೆ. ಸ್ಟುಡಿಯೋ ಇದ್ದದ್ದು ಅದೇ ಮಾರ್ಕೆಟ್ ರಸ್ತೆಯಲ್ಲಿ. ಓಬಣ್ಣ ಆ ಪುಟದ ದೃಢೀಕೃತ ನಕಲು ತಂದು ಮೇಜಿನ ಮೇಲಿಟ್ಟ.

"ಬ್ಯಾಟರಿ ಸತ್ತ ಕಂಪ್ಯೂಟರು ಕೊಂಬೆ ಬಿದ್ದಿದ್ದು ಮಾತ್ರ ಮೂರೇ ನಿಮಿಷದಲ್ಲಿ ಸರಿಯಾಗಿ ಬರ್ಕೊಂಡದಾ?" ಕೇಳಿದ ಈರಲಿಂಗಪ್ಪ.

ಮುರಳಿಕೃಷ್ಣ ಕಾಲು ಕೆಳಗಿಳಿಸಿದ.

ರಾತ್ರಿ ಅವನನ್ನು ಠಾಣೆಯಲ್ಲೇ ಕೂರಿಸಿ, ೨೬ರ ಬೆಳಿಗ್ಗೆ ಎಂಟಕ್ಕೆ ಶೋಧನೆ. ಸ್ಟುಡಿಯೋದ ಮಹಡಿಯ ಮೇಲೆ ಉಪಯೋಗಿಸದ ನೀರಿನ ತೊಟ್ಟಿಯೊಂದಿತ್ತು. ಮುಚ್ಚಳ ತೆಗೆದೊಡನೆ ಕೊಳೆತ ನಾತ ಮೂಗಿಗೆ ಹೊಡೆಯಿತು, ಪಂಚರಲ್ಲಿ ಒಬ್ಬ ಓಡಿಹೋಗಿ ಮೂಲೆಯಲ್ಲಿ ವಾಂತಿ ಮಾಡಿಕೊಂಡ. ಪಾಚಿಗಟ್ಟಿದ ನೀರು, ಅದರೊಳಗೆ ಸತ್ತ ಇಲಿ, ನೆಂದು ಅಂಬಲಿಯಾದ ರೆಕಾರ್ಡಿನ ಬಣ್ಣದ ಹೊದಿಕೆಗಳು, ನಾಲ್ಕು ಗೋಣಿಚೀಲದ ತುಂಬ ಕರೀ ಚೂರು. ಒಂದು ರೆಕಾರ್ಡನ್ನೂ ಇಡಿಯಾಗಿ ಉಳಿಸಿರಲಿಲ್ಲ. ಚೂರುಗಳ ಮೇಲೆ ಬೂಟಿನ ಗುರುತಿತ್ತು. ನಡುವಿನ ಕಾಗದದ ಬಿಲ್ಲೆಗಳನ್ನು ಎಣಿಸಿ ಪಂಚನಾಮೆ ಬರೆಯಲು ಮೂರು ಗಂಟೆ ಹಿಡಿಯಿತು. ಇನ್ನೂರ ಹನ್ನೆರಡು, ಒಂದೂ ಕಮ್ಮಿ ಇಲ್ಲ.

ಗುರುತು ಹಿಡಿಯಲು ಬಂದ ಜಯಣ್ಣ ಒಂದು ಚೂರನ್ನು ಪಂಚೆಯಲ್ಲಿ ಒರೆಸಿ ನೋಡಿದರು. "ಬಾಂಬೆಗೆ ಲಾರೀಲಿ ಹೋಗಿ ತಂದಿದ್ದು ಕಣಪ್ಪ ಇದನ್ನ," ಎಂದು ಯಾರಿಗೋ ಹೇಳಿ ಅದನ್ನು ಮತ್ತೆ ಚೀಲಕ್ಕೇ ಹಾಕಿದರು.

ಮಧ್ಯಾಹ್ನ ಎರಡೂ ಹತ್ತಕ್ಕೆ ಮುರಳಿಕೃಷ್ಣನ ದಸ್ತಗಿರಿ. ನಂಬಿಕೆದ್ರೋಹ, ಸುಳ್ಳು ದೂರು.

"ಮಾರೋಕೆ ಕದ್ದಿದ್ರೆ ಅರ್ಥ ಆಗೋದು. ಒಡೆದು ಯಾಕೆ ಹಾಕ್ದೆ?" ಕೇಳಿದ ಈರಲಿಂಗಪ್ಪ.

ಅವನು ಹೆಮ್ಮೆಯಿಂದಲೇ ಹೇಳಿದ. ಇಂಟರ್ನೆಟ್ಟಿನಲ್ಲಿ ಹಳೇ ಡಿಸ್ಕೋ ಹುಚ್ಚರ ಒಂದು ಕೂಟವಿದೆ. ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲದ ಹಾಡು ಇವನು ಹಾಕಿದರೆ ಜರ್ಮನಿಯವರು, ಜಪಾನಿನವರು ಕೈಮುಗಿದು ಬರೆಯುತ್ತಾರೆ. "ಹಿಂದೂಪುರದಲ್ಲಿ ನನ್ನ ಮುಖ ಯಾರ್ ನೋಡ್ತಾರೆ ಸಾರ್? ಅಲ್ಲಿ ನನ್ನ ಮಾಸ್ಟರ್ ಅಂತಾರೆ. ಈ ಮುದುಕ ನಾಳೆ ಇನ್ನೊಬ್ಬನ ಹತ್ರ ಇಳಿಸ್ಕೊಂಡ್ರೆ ನಂದಕ್ಕೇನ್ ಬೆಲೆ? ಬಾಕಿ ಇದ್ದದ್ದೂ ಇಳಿಸ್ಕೊಂಡು ಆಮೇಲೆ ಒಡೆದೆ. ನನ್ನತ್ರ ಮಾತ್ರ ಇರಬೇಕಿತ್ತು."

"ಮತ್ತೆ ಜಯಣ್ಣನಿಗೆ ಆ ಸಿ.ಡಿ. ಯಾಕೆ ಕೊಟ್ಟೆ?"

"ಕೆಟ್ಟೋಗಿದ್ದನ್ನೆಲ್ಲ ಹಾಕಿ ಕೊಟ್ಟೆ. ಚೆನ್ನಾಗಿರೋದನ್ನ ಕೊಡೋಕೆ ಮನಸ್ಸು ಬರ್ಲಿಲ್ಲ. ಮೈಕ್‌ಸೆಟ್ನೋನು, ಅವನಿಗೇನ್ ಗೊತ್ತಾಗ್ತದೆ ಅಂದ್ಕೊಂಡೆ."

"ನರಸಕ್ಕ?"

ಮುರಳಿಕೃಷ್ಣ ನಿಜವಾಗಿಯೂ ಅರ್ಥವಾಗದವನಂತೆ ನೋಡಿದ. "ಯಾರದೋ ಒಂದ್ ಹೆಸರು ಬೇಕಿತ್ತಲ್ಲ ಸಾರ್."

ಈರಲಿಂಗಪ್ಪ ಹೊರಗೆ ಹೋಗಿ ನಲ್ಲಿಯಲ್ಲಿ ಕೈ ತೊಳೆದ. ತೊಟ್ಟಿಯ ನಾತ ಹೋಗಲಿಲ್ಲ. ಮುರಳಿಕೃಷ್ಣನಿಗೊಂದು ಹೆಸರು ಬೇಕಿತ್ತು, ನಿಜ. ಅದನ್ನು ಕೇಳಿದ ಕೂಡಲೇ ಬರೆಸಿಕೊಂಡವನು ಯಾರು?

ಒಳಗೆ ಬಂದಾಗ ನರಸಕ್ಕ ಮೇಜಿನ ಮುಂದೆ ನಿಂತಿದ್ದಳು.

"ನೀನು ಮನೆಗೆ ಹೋಗಮ್ಮ. ಇನ್ಮೇಲೆ ಬರೋದು ಬೇಡ."

"ಹೋಯ್ತೀನಿ ಸ್ವಾಮಿ. ನಾನು ಕಳ್ಳಿ ಅಲ್ಲ ಅಂತ ಒಂದು ಕಾಗ್ದ ಕೊಡಿ. ಮನೆಮನೆಗೆ ಹೋಗಿ ತೋರಿಸ್ಬೇಕು."

"ಅಂಥ ಫಾರಂ ಇಲ್ಲ ಕಣಮ್ಮ," ಎಂದ ಓಬಣ್ಣ. ಇರಲಿಲ್ಲ. ಆರೋಪ ಹೊರಿಸಲು ಫಾರಂ ಇತ್ತು, ಜಪ್ತಿಗಿತ್ತು, ದಸ್ತಗಿರಿಗಿತ್ತು.

ಈರಲಿಂಗಪ್ಪ ಬಿಳಿ ಹಾಳೆ ತೆಗೆದುಕೊಂಡು ತಾನೇ ಬರೆದ. ಸಹಿ ಹಾಕಿ ಠಾಣೆಯ ಮೊಹರು ಒತ್ತಿದ. ಸರ್ಕಲ್ ಸಾಹೇಬರು ಕೇಳಿದರೆ ನೋಡಿಕೊಂಡರಾಯಿತು.

"ನನಗೆ ಓದಾಕೆ ಬರಕಿಲ್ಲ. ಏನ್ ಬರ್ದೀರಿ?"

ಅವನು ಓದಿದ. "ನರಸಕ್ಕ ಎಂಬಾಕೆಯ ಮೇಲೆ ಬಂದ ದೂರು ಪೂರ್ತಿ ಸುಳ್ಳು. ಆಕೆ ಕದ್ದಿಲ್ಲ. ವಿಚಾರಿಸದೆ ಆಕೆಯ ಹೆಸರು ಬರೆಸಿದ್ದು ನನ್ನ ತಪ್ಪು."

ನರಸಕ್ಕ ಲಾಕಪ್ಪಿನ ಕಡೆ ತಿರುಗಿ ನೋಡಿದಳು. ಮುರಳಿಕೃಷ್ಣ ಗೋಡೆಗೆ ಮುಖ ಮಾಡಿ ಕೂತಿದ್ದ.

"ಇನ್ನೊಂದ್ಸಲ ಓದಿ ಸ್ವಾಮಿ," ಎಂದಳು. "ಒಸಿ ಗಟ್ಟಿಯಾಗಿ. ಒಳಗಿರೋನಿಗೂ ಕೇಳ್ಲಿ."

ಈರಲಿಂಗಪ್ಪ ಎದ್ದು ನಿಂತ. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಮೊದಲಿಂದ ಓದಿದ.