ಕಾಣೆಯಾದ ಎಂಬತ್ತೊಂದು

"ನೀರ ಏರಾಕತ್ತಿದ್ದು ನಿಮಗ ಎರಡಕ್ಕಽ ಗೊತ್ತಾತು. ನಮ್ಮೂರಿಗಿ ಫೋನ್ ಬಂದದ್ದು ಮೂರಕ್ಕ! ನಡುವ ಏನ್ ಮಾಡಾಕತ್ತಿದ್ದೀ ಬೇ? ನಿದ್ದಿ ಹೊಡೀತಿದ್ದೇನು?"

ಹಣಮವ್ವ ಪ್ರತಿಮಾಳ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದಳು. ಕಚೇರಿಯ ತುಂಬ ಜನ. ಬಿಡಿಸಲು ಒಬ್ಬರೂ ಮುಂದೆ ಬರಲಿಲ್ಲ.

ಜಮಖಂಡಿಯ ನದಿತೀರ ರೈತ ಸಹಕಾರಿ ಸಂಘದಲ್ಲಿ ಪ್ರತಿಮಾಳದು ಎಚ್ಚರಿಕೆ ಕೊಡುವ ಕೆಲಸ. ಕೃಷ್ಣೆ ಏರುವ ಸುದ್ದಿ ಬಂದ ಕೂಡಲೇ ಅವಳು ಒಂದು ಗುಂಡಿ ಒತ್ತಬೇಕು. ಆಮೇಲೆ ಯಂತ್ರವೇ ದಂಡೆಯ ಇನ್ನೂರ ಅರವತ್ತು ಮನೆಗಳಿಗೆ, ಮನೆಯವರ ಹೆಸರು ಹಿಡಿದು, ದನಿ ತಯಾರಿಸಿ ಕರೆ ಮಾಡುತ್ತದೆ. ಮೊದಲು ತುಬಚಿ ಕಡೆಯ ಮನೆಗಳು, ಆಮೇಲೆ ಹೊಳೆ ಹರಿದಂತೆ ಕೆಳಗಿನವು, ಕಟ್ಟಕಡೆಗೆ ಅನಗವಾಡಿ.

ಬುಧವಾರ ಮಧ್ಯಾಹ್ನ ಹೋದದ್ದು ಈ ಮಳೆಗಾಲದ ಮೊದಲ ಎಚ್ಚರಿಕೆ. ಅದು ಅನಗವಾಡಿ ಮುಟ್ಟುವಷ್ಟರಲ್ಲಿ ಹಣಮವ್ವನ ಹಿಂಡು ನಡುಗಡ್ಡೆಯಲ್ಲಿ ಸಿಕ್ಕಿಬಿದ್ದಿತ್ತು. ನಲವತ್ತಾರು ಕುರಿ ಕೊಚ್ಚಿಹೋದವು. ಅವುಗಳ ಬೆನ್ನು ಹತ್ತಿದ ಗಂಡ ಗಿರಮಲ್ಲಪ್ಪ ಜಾಲಿಗಿಡ ಅಪ್ಪಿಕೊಂಡು ಜೀವ ಉಳಿಸಿಕೊಂಡ. ಕಾಲು ಮುರಿದು ಆಸ್ಪತ್ರೆಯಲ್ಲಿದ್ದಾನೆ.

"ಸುದ್ದಿ ಬಂದ ಕೂಡ್ಲೇನ, ಎರಡೂ ಹತ್ತಕ್ಕ ಒತ್ತೇನಿ, ಯವ್ವಾ," ಎಂದಳು ಪ್ರತಿಮಾ. "ಖರೇನ ಹೇಳಾಕತ್ತೇನಿ."

ಮ್ಯಾನೇಜರ್ ಧರ್ಮರಾಜ ಮೇಜಿನ ಮೇಲೆ ಒಂದು ಹಾಳೆ ಹರಡಿದ.

"ಬಾಯಿಮಾತು ಯಾಕ? ಯಂತ್ರದ ದಾಖಲಿ ಇಲ್ಲೈತಿ. ನಾನಽ ಕೈಯಾರೆ ತಗದೇನಿ. ಕೆಲಸ ದಾಖಲಾಗಿದ್ದು ಎರಡೂ ಐವತ್ತೆಂಟಕ್ಕ. ಅಂದ್ರ ಈಕಿ ಒತ್ತಿದ್ದ ಆವಾಗ. ಯಂತ್ರಕ್ಕ ಕೆಲಸ ಹೆಚ್ಚಾಗಿತ್ತೇನು? ನೋಡ್ರಿ—ದುಡಿದಿದ್ದು ನೂರಕ್ಕ ಬರೇ ಹನ್ನೆರಡು. ಯಂತ್ರ ಆರಾಮಿತ್ತು!"

ಅಧ್ಯಕ್ಷ ಶಿವಯೋಗೆಪ್ಪ ಅಲ್ಲಿಯೇ ಅಮಾನತ್ತಿನ ಆದೇಶ ಬರೆಸಿ, ಎಲ್ಲರ ಮುಂದೆ ಓದಿಸಿದರು.

ಪ್ರತಿಮಾ ಮೆಟ್ಟಿಲಿಳಿದಳು. ಸುಳ್ಳು! ಗಡಿಯಾರ ನೋಡಿಯೇ ಒತ್ತಿದ್ದಳು. ಆದರೆ ಸಾಕ್ಷಿ ಎಲ್ಲಿ? ಅವಳು ಮುಧೋಳಕ್ಕೆ ಫೋನು ಹಚ್ಚಿದಳು. ಅಲ್ಲಿದ್ದ ಯಶೋಧರಾ ಅವಳಿಗೆ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸಿದವರು. ಎಲ್ಲಿ ಯಂತ್ರ ಮುನಿದರೂ ಜನ ಅವರನ್ನೇ ಕರೆಯುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿಳಿದ ಯಶೋಧರಾ ಶಿಷ್ಯೆಯ ಮುಖ ನೋಡಿದರು.

"ಅಳಬ್ಯಾಡ."

"ಅಳಾಕತ್ತಿಲ್ರೀ ಅಕ್ಕಾರ. ಸಿಟ್ಟ ಬಂದೈತಿ."

"ಛಲೋ ಆತು. ಸಿಟ್ಟ ಇರಲಿ, ಲೆಕ್ಕಾನೂ ಇರಲಿ. ಆ ಹಾಳಿ ಎಲ್ಲೈತಿ?"

ಅನಗವಾಡಿಯ ಕುರುಬರ ಗದ್ದಲಕ್ಕೆ ಅಂಜಿದ್ದ ಅಧ್ಯಕ್ಷರು ತನಿಖೆಗೆ ಒಪ್ಪಿದರು. ಯಶೋಧರಾ ಧರ್ಮರಾಜನ ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿ, ಮಡಚಿ ಚೀಲದಲ್ಲಿಟ್ಟುಕೊಂಡರು. ಆಮೇಲೆ ಯಂತ್ರ ನೋಡಿಕೊಳ್ಳುವ ಅಮೋಲನನ್ನು ಕರೆದರು.

"ನಿಮ್ಮ ಸರ್ವರ್ ಪೆಟ್ಟಿಗ್ಯಾಗ ಎಷ್ಟು ಯಂತ್ರ ಅದಾವಪ್ಪಾ?"

"ಪೆಟ್ಟಿಗಿ ಒಂದಽ ರೀ. ಒಳಗ ಮೂರು ವರ್ಚುವಲ್ ಮಷೀನ್—ಕರೆ ಮಾಡೂದು ಒಂದು, ಪಂಪ್ ನೋಡೂದು ಒಂದು, ಸದಸ್ಯರ ಪಟ್ಟೀದ್ದು ಒಂದು. ಒಂದ ಮನಿಯಾಗ ಮೂರು ಸಂಸಾರ ಇದ್ದಂಗ."

"ಮೂರಽ? ಖಾತ್ರಿ?"

"ನಾ ಹಾಕಿದ್ದು ಮೂರಽ ರೀ."

"ಇಡೀ ಪೆಟ್ಟಿಗಿಯ ಪಾಸ್‌ವರ್ಡ್ ಯಾರ ಕಡೆ ಐತಿ?"

"ನನ್ನ ಕಡೆ. ಸಾಹೇಬ್ರ ಕಡೆ."

ಧರ್ಮರಾಜ ನಕ್ಕ. "ನನ್ನ ಕಡೆ ಇದ್ದು ಏನ್ ಉಪಯೋಗ್ರೀ? ಆ ಕರೀ ಪರದಿ, ಕಮಾಂಡು—ನನಗೊಂದೂ ತಿಳಿಯೂದಿಲ್ಲ. ಎಲ್ಲಾ ಅಮೋಲನಽ ನೋಡ್ತಾನ."

ಅಮೋಲ ತಲೆ ತಗ್ಗಿಸಿದ. ಯಶೋಧರಾ ಯಂತ್ರದ ಕೋಣೆಗೆ ನಡೆದರು. ಪ್ರತಿಮಾ ಹಿಂಬಾಲಿಸಿದಳು.

ಕಪ್ಪು ಪರದೆಯಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಯಶೋಧರಾ ಕರೆ ಮಾಡುವ ಯಂತ್ರದೊಳಗೆ ಹೊಕ್ಕು, ಹೊತ್ತು ಅಳೆಯುವ ‘ಟೈಮ್’ ಎಂಬ ಕಮಾಂಡಿನ ಮುಂದೆ ಒಂದೇ ಒಂದು ಕರೆಯ ಆಜ್ಞೆ ಕೊಟ್ಟರು—ಪ್ರತಿಮಾಳ ಫೋನಿಗೆ. ಫೋನು ಬಡಿದುಕೊಂಡಿತು. ಪರದೆಯ ಮೇಲೆ ಅಂಕಿ ಮೂಡಿತು.

"ಹನ್ನೊಂದು ಸೆಕೆಂಡು," ಎಂದಳು ಪ್ರತಿಮಾ. "ಒಂದ ಕರೆಗೆ?"

"ಇನ್ನೂರ ಅರವತ್ತು ಕರೆಗೆ ಎಷ್ಟಾತು?"

ಅವಳು ಫೋನಿನಲ್ಲಿ ಗುಣಿಸಿದಳು. ಎರಡು ಸಾವಿರದ ಎಂಟುನೂರ ಅರವತ್ತು ಸೆಕೆಂಡು. ಅರವತ್ತರಿಂದ ಭಾಗಿಸಿದಳು.

"ನಲವತ್ತೆಂಟು ನಿಮಿಷ... ಎರಡೂ ಹತ್ತಕ್ಕ ಕೂಡಿದ್ರ ಎರಡೂ ಐವತ್ತೆಂಟು! ಅಕ್ಕಾರ, ಅದು ನಾ ಒತ್ತಿದ ಹೊತ್ತಲ್ಲ. ಕಡೀ ಕರೆ ಮುಗಿದ ಹೊತ್ತು!"

"ಹೌದು. ಈ ಯಂತ್ರ ಕೆಲಸ ಮುಗಿದ ಮ್ಯಾಗ ದಾಖಲಿ ಬರೀತೈತಿ. ಆದ್ರ ಹನ್ನೊಂದು ಸೆಕೆಂಡು ಯಾಕ?"

ಯಶೋಧರಾ ಈಗ ಇಡೀ ಪೆಟ್ಟಿಗೆಯ ಒಳಗೆ ಇಳಿದರು. ಒಳಗಿರುವ ಯಂತ್ರಗಳ ಪಟ್ಟಿ ಕೇಳಿದರು. ಸಾಲುಗಳು ಮೂಡಿದವು. ಒಂದು, ಎರಡು, ಮೂರು—

ನಾಲ್ಕು!

ನಾಲ್ಕನೆಯದರ ಹೆಸರು ‘ಟೆಸ್ಟ್’. ಪೆಟ್ಟಿಗೆಯ ಬಹುಪಾಲು ಶಕ್ತಿಯನ್ನು ಅದೊಂದೇ ಹೀರುತ್ತಿತ್ತು. ಈ ಗಳಿಗೆಯಲ್ಲೂ!

"ಇನ್ನೂ ನಡಸ್ಯಾರ?" ಪ್ರತಿಮಾ ಹಲ್ಲು ಕಡಿದಳು. "ಅಷ್ಟು ಕುರಿ ಸತ್ತ ಮ್ಯಾಗೂ? ಕೊಡ್ರಿಲ್ಲೆ, ನಾ ಕಿತ್ತ ಒಗೀತೀನಿ."

"ಅಳಿಸಬ್ಯಾಡ. ಅದಽ ಸಾಕ್ಷಿ. ಬರೇ ತಡಿ."

ಪ್ರತಿಮಾ ತಾನೇ ಆ ಯಂತ್ರವನ್ನು ತಡೆಹಿಡಿಯುವ ಆಜ್ಞೆ ಟೈಪು ಮಾಡಿದಳು. ಮತ್ತೆ ಅದೇ ಕರೆ, ಅದೇ ಅಳತೆ. ಎರಡು ಸೆಕೆಂಡು. ಇನ್ನೂರ ಅರವತ್ತು ಮನೆಗೆ ಒಂಬತ್ತು ನಿಮಿಷ ಸಾಕಿತ್ತು. ಎರಡೂ ಇಪ್ಪತ್ತಕ್ಕೇ ಸುದ್ದಿ ಮುಟ್ಟಿ ಗಿರಮಲ್ಲಪ್ಪ ಕುರಿ ಹೊಡೆದುಕೊಂಡು ದಂಡೆ ಸೇರುತ್ತಿದ್ದ.

ಯಶೋಧರಾ ಇನ್ನೊಂದು ತಾಸು ಹಳೆಯ ದಾಖಲೆ ಕೆದಕಿದರು. ಆಮೇಲೆ ಎಲ್ಲರನ್ನೂ ಅಧ್ಯಕ್ಷರ ಕೋಣೆಗೆ ಕರೆಸಿದರು. ಹಣಮವ್ವ ಬಾಗಿಲಿಗೊರಗಿ ನಿಂತಳು. ಯಶೋಧರಾ ಚೀಲದಿಂದ ಧರ್ಮರಾಜನ ಹಾಳೆ ತೆಗೆದರು.

"ಅಧ್ಯಕ್ಷರ, ಈ ಹಾಳಿ ನೀವೂ ನೋಡೀರಿ. ಬುಧವಾರದ ಸಾಲಿನ ಅಂಕಿ ಓದ್ರಿ."

ಶಿವಯೋಗೆಪ್ಪ ಕನ್ನಡಕ ಏರಿಸಿದರು. "ಕಾರ್ಯಕ್ರಮದ ಕೆಲಸ ಒಂಬತ್ತು. ವ್ಯವಸ್ಥೆಯ ಕೆಲಸ ಮೂರು. ಕಾಯ್ದದ್ದು ಒಂದು. ಖಾಲಿ ಆರು."

"ಇದು ಕರೆ ಮಾಡೂ ಯಂತ್ರದ ಹೊತ್ತಿನ ಲೆಕ್ಕ, ಒಟ್ಟು ನೂರು ಆಗಬೇಕು. ಕೂಡಿಸ್ರಿ."

"ಹತ್ತೊಂಬತ್ತು." ಅವರು ಹುಬ್ಬುಗಂಟಿಕ್ಕಿದರು. ಮತ್ತೆ ಕೂಡಿಸಿದರು. "ಹತ್ತೊಂಬತ್ತಽ."

"ಉಳಿದ ಎಂಬತ್ತೊಂದು ಎಲ್ಲಿ ಹೋತು?"

ಯಶೋಧರಾ ಆ ಸಾಲಿನ ಮೇಲೆ ಬೆರಳಿಟ್ಟರು.

"ಎಲ್ಲಾರೂ ಒಂಬತ್ತು ಮೂರು ಕೂಡಿ ಹನ್ನೆರಡ ದುಡಿದೈತಿ ಅಂದ್ರಿ. ಹಂಗಾದ್ರ ಎಂಬತ್ತೆಂಟು ಖಾಲಿ ಇರಬೇಕಿತ್ತು. ಖಾಲಿ ಇದ್ದದ್ದು ಬರೇ ಆರು! ಯಂತ್ರದ ಅಸಲಿ ದಾಖಲ್ಯಾಗ ‘ಖಾಲಿ’ಯ ಹಿಂದ ಇನ್ನೊಂದು ಕಾಲಂ ಐತಿ. ಅದರ ಹೆಸರಽ ಕಳವು. ಯಂತ್ರ ದುಡಿಯಾಕ ತಯಾರಿತ್ತು, ಆದ್ರ ಅದರ ಸರದಿ ಬ್ಯಾರೆಯವರು ನುಂಗ್ಯಾರ ಅಂತ ಅರ್ಥ. ಬುಧವಾರ ಆ ಕಳವು ಎಂಬತ್ತೊಂದು. ನುಂಗಿದ್ದು ಪೆಟ್ಟಿಗ್ಯಾಗ ಬಚ್ಚಿಟ್ಟ ನಾಕನೇ ಯಂತ್ರ."

"ಅಮೋಲಾ!" ಧರ್ಮರಾಜ ಎದ್ದುನಿಂತ. "ಏನ್ ಮಾಡಿಯೋ ಲೇ ಇದು?"

"ನಾ ಅಲ್ರೀ!"

"ಕುಂಡರ್ರಿ ಸಾಹೇಬ್ರ," ಎಂದರು ಯಶೋಧರಾ. "ಎರಡು ತಿಂಗಳ ದಾಖಲಿ ನೋಡೇನಿ. ಆ ಯಂತ್ರ ಬಿಡುವು ತಗೊಂಡಿದ್ದು ಎರಡಽ ದಿನ. ಎರಡೂ ಅಮವಾಸ್ಯಿ. ಅಮವಾಸ್ಯಿಗಿ ಬಾಗಿಲು ಹಾಕೂ ದಂಧೆ ಯಾರದು? ಸೀರಿ ನೇಕಾರರದು. ಅದರ ಹೊಟ್ಟಿಯೊಳಗ ಇರೂದು ಅದಽ ಬರದ ಸಾವಿರಾರು ಸೀರಿ ಸೆರಗಿನ ಚಿತ್ರ. ರಬಕವಿಯಾಗ ಸೀರಿ ಡಿಸೈನ್ ಅಂಗಡಿ ಇಟ್ಟಾಂವ ನಿಮ್ಮ ತಮ್ಮ ಅಲ್ಲೇನ್ರಿ?"

"ಅಮೋಲನಽ ಅವಗ ಮಾಡಿಕೊಟ್ಟಿರಬೇಕು!"

"ಹಂಗಾದ್ರ ಈ ಹಾಳಿ? ನಾನಽ ಕೈಯಾರೆ ತಗದೇನಿ ಅಂದ್ರಿ. ಐದು ಕಾಲಮ್ಮಿನಾಗ ಒಂದನ್ನಽ ಆರಿಸಿ ಅಳಿಸೀರಿ. ಕರೀ ಪರದಿ ತಿಳಿಯಲಾರದಾಂವಗ, ಯಾವುದನ್ನ ಮುಚ್ಚಬೇಕು ಅನ್ನೂದು ಹೆಂಗ ತಿಳೀತು? ಕಳವು ಮಾಡಿದವರು ನೀವು, ಧರ್ಮರಾಜ. ಅದನ್ನ ಈ ಹುಡುಗಿ ತಲಿಗಿ ಕಟ್ಟಿದವರೂ ನೀವಽ."

ಧರ್ಮರಾಜನ ಮುಖ ಬಿಳಿಚಿತು. ಅವನು ಗೊಣಗಿದ: "ಪೆಟ್ಟಿಗಿ ಸುಮ್ಮನ ಬಿದ್ದಿತ್ತು... ಹೊಳಿ ಬರೂದು ವರ್ಷದಾಗ ನಾಕ ದಿನ..."

"ಆ ನಾಕ ದಿನಕ್ಕಂತಽ ಅಲ್ಲೇನೋ ಅದನ್ನ ಇಟ್ಟಿದ್ದು?" ಬಾಗಿಲಿನಿಂದ ಹಣಮವ್ವ ಚೀರಿದಳು. "ನನ್ನ ಗಂಡ ಗಿಡಾ ಹಿಡದು ಒದರಾಕತ್ತಿದ್ದ. ನಿನ್ನ ಪೆಟ್ಟಿಗಿ ಸೆರಗ ಬರೀತಿತ್ತು!"

ಶಿವಯೋಗೆಪ್ಪ ಧರ್ಮರಾಜನ ಕೈಯಿಂದ ಬೀಗದ ಕೈಗೊಂಚಲು ಕಸಿದುಕೊಂಡು, ಪೊಲೀಸರಿಗೆ ಫೋನು ಮಾಡಿಸಿದರು. ಆಮೇಲೆ ಪ್ರತಿಮಾಳತ್ತ ತಿರುಗಿ ದನಿ ಮೆದು ಮಾಡಿದರು.

"ಆದದ್ದು ಆತು ತಂಗಿ. ನಾಳಿಂದ ಕೆಲಸಕ್ಕ ಬಾ."

"ಹಂಗಽ ಬರೂದಿಲ್ರೀ." ಪ್ರತಿಮಾಳ ಕಣ್ಣು ಕೆಂಪಾಗಿತ್ತು. "ಅಮಾನತ್ತು ಮಂದಿ ಮುಂದ ಓದಿಸಿದ್ರಿ. ಇದನ್ನೂ ಮಂದಿ ಮುಂದ ಓದ್ರಿ. ಈ ಕೋಣ್ಯಾಗ ಅಲ್ಲ, ಅನಗವಾಡ್ಯಾಗ."

"ನಾಳೆ ನೋಡೂಣಂತ..."

"ಇವತ್ತ!" ಎಂದಳು ಹಣಮವ್ವ. "ಗಾಡಿ ತಗೀರಿ, ಸಾವಕಾರ್ರ."

ಸಂಜೆ ನಾಲ್ಕಕ್ಕೆ ಅನಗವಾಡಿಯ ಬೀರಪ್ಪನ ಗುಡಿಕಟ್ಟೆಯ ಮೇಲೆ ನಿಂತು ಶಿವಯೋಗೆಪ್ಪ ಕಾಗದ ಬಿಚ್ಚಿದರು. ಕಂಬಳಿ ಹೊದ್ದ ಗಂಡಸರು, ಮಕ್ಕಳನ್ನೆತ್ತಿಕೊಂಡ ಹೆಂಗಸರು ಸುತ್ತ ಕೂಡಿದ್ದರು. ಪ್ರತಿಮಾ ತಪ್ಪು ಮಾಡಿಲ್ಲ, ಎರಡೂ ಹತ್ತಕ್ಕೆ ಎಚ್ಚರಿಕೆ ಕೊಟ್ಟಿದ್ದಳು ಎಂಬಲ್ಲಿಯವರೆಗೆ ಅಧ್ಯಕ್ಷರು ಗಟ್ಟಿಯಾಗಿ ಓದಿದರು. ಧರ್ಮರಾಜನ ಹೆಸರು ಬಂದಲ್ಲಿ ಅವರ ದನಿ ಕೆಳಗಿಳಿಯಿತು.

"ಜೋರಾಗಿ ಓದ್ರಿ," ಎಂದಳು ಪ್ರತಿಮಾ.