ಹೆತ್ತವಳ ಸರದಿ

"ನೋಡ್ರೇ, ಯಾರು ಬಂದಿದಾರೆ! ಸರ್ಕಾರಾನೇ ನಮ್ಮನೆ ಬಾಗ್ಲಿಗೆ ಬಂದ್ಬಿಡ್ತು!"

ಬತೂಲ್ ಬಾಗಿಲಿಗೆ ಅಡ್ಡಲಾಗಿ ನಿಂತು ಹೀಗೆಂದಾಗ ನಡುಮನೆಯಲ್ಲಿ ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ವಿಜ್ದಾನ್ ತಾನೂ ನಗಲು ಹೋದಳು. ನಗು ಬರಲಿಲ್ಲ. ಇಂದು ಅವಳ ಒಬ್ಬಳೇ ಮಗಳು ನಿಹಾಲಳಿಗೆ ಗೋರಂಟಿ ಹಚ್ಚುವ ದಿನ. ನಾಳೆ ಮದುವೆ ಮುಗಿಸಿ ಹುಡುಗಿ ಗಂಡಿನ ಊರಾದ ದೂರದ ಅಸ್ವಾನಿಗೆ ಹೊರಟುಬಿಡುತ್ತಾಳೆ. ಕೈರೋದಲ್ಲಿ ಮಂತ್ರಿಗಳೇ ಎದ್ದು ಕುರ್ಚಿ ಕೊಡುವ ಅರ್ಥಶಾಸ್ತ್ರದ ಪ್ರೊಫೆಸರ್ ವಿಜ್ದಾನ್, ಅಲೆಕ್ಸಾಂಡ್ರಿಯಾದ ಈ ಗಂಡನ ಮನೆಯಲ್ಲಿ ಕೈಚೀಲ ಹಿಡಿದು ಹೊರಗೇ ನಿಂತಿದ್ದಳು.

"ಒಳಗೆ ಬರ್ಲಾ ಅಕ್ಕಾ?"

"ಬಾ. ನಿನ್ನ ಮಗಳ ಮದ್ವೆ ಅಲ್ವೇ? ಹಾಗಂತ ಜನ ಹೇಳ್ತಾರಪ್ಪ!"

ವಿಜ್ದಾನಳ ಗಂಡ ಶೌಕಿ ಮೂಲೆಯಲ್ಲಿ ಕುರ್ಚಿಗಳನ್ನು ಒರೆಸುತ್ತಿದ್ದ. ತನ್ನ ಅಕ್ಕ ಬತೂಲಳ ಮಾತು ಕೇಳಿಸಿದರೂ ತಲೆ ಎತ್ತಲಿಲ್ಲ. ಬಂದರಿನಲ್ಲಿ ಹಡಗಿನ ಯಂತ್ರಗಳ ಗದ್ದಲಕ್ಕೆ ಒಗ್ಗಿಹೋದ ಆ ಒಳ್ಳೆಯ ಮನುಷ್ಯ, ಮನೆಯ ಗದ್ದಲಕ್ಕೆ ಎಂದೂ ಬಾಯಿ ಹಾಕಿದವನಲ್ಲ.

ನಿಹಾಲ್ ನಾಲ್ಕು ವರ್ಷದವಳಿದ್ದಾಗ ವಿಜ್ದಾನಳಿಗೆ ಕೈರೋದ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಬೆನ್ನಲ್ಲೇ ಸರ್ಕಾರದ ಸಲಹಾ ಸಮಿತಿಯಿಂದ ಕರೆ ಬಂತು. ಮಗುವನ್ನು ಕರೆದುಕೊಂಡೇ ಹೊರಡುವುದೆಂದು ಅವಳು ಪುಟ್ಟ ಪೆಟ್ಟಿಗೆಯನ್ನೂ ಕಟ್ಟಿದ್ದಳು. ಆಗ ಈ ಮನೆಯ ಯಜಮಾನಿ, ಮಕ್ಕಳಿಲ್ಲದ ಬತೂಲ್, "ನಮ್ಮ ಮನೆತನದ ಹುಡುಗಿ ಬಾಡಿಗೆ ಕೋಣೇಲಿ, ಆಳುಗಳ ಕೈಲಿ ಬೆಳೀಬೇಕೇನು? ನಾನೇನು ಸತ್ತಿದ್ದೀನಾ?" ಎಂದು ಪೆಟ್ಟಿಗೆಯನ್ನು ಬಿಚ್ಚಿಸಿದಳು. ಶೌಕಿ ಕಿಟಕಿಯಾಚೆ ನೋಡಿದ. ವಿಜ್ದಾನ್... ಒಪ್ಪಿಬಿಟ್ಟಳು! ವರದಿ ಮುಗಿಯುವ ತನಕ ಮಾತ್ರ ಎಂದುಕೊಂಡಳು. ಒಂದು ವರದಿ ಮುಗಿದರೆ ಇನ್ನೊಂದು. ಮಂತ್ರಿ ಬದಲಾದರೆ ಹೊಸ ಸಮಿತಿ. ಆ ಕೆಲಸದ ಮೇಲೆ ಅವಳಿಗೆ ಆಸೆಯೂ ಇತ್ತು. ದೇಶದ ಬದುಕನ್ನು ಒಂದಿಷ್ಟಾದರೂ ಸರಿಮಾಡಬಲ್ಲೆ ಎಂಬ ನಂಬಿಕೆ ಅವಳನ್ನು ಬಿಟ್ಟಿರಲಿಲ್ಲ. ಆದರೆ ಸಭೆಯ ನಡುವೆ, ಯಾರೋ ಗೋಧಿ ಆಮದಿನ ಮಾತಾಡುತ್ತಿದ್ದಾಗ, ಎಳ್ಳಿನ ರೊಟ್ಟಿ ತಿಂದು ಎಳ್ಳು ಮೆತ್ತಿಕೊಂಡ ಮಗಳ ಪುಟ್ಟ ಬಾಯಿ ನೆನಪಾಗಿ ಅವಳ ಪೆನ್ನು ನಿಂತುಬಿಡುತ್ತಿತ್ತು.

ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಬರುತ್ತಿದ್ದಳು. ಮೊದಮೊದಲು ಮಗು ಓಡಿಬಂದು ಕುತ್ತಿಗೆಗೆ ಜೋತುಬೀಳುತ್ತಿತ್ತು. ಬರುಬರುತ್ತಾ ಸೋದರತ್ತೆಯ ಮರೆಯಿಂದ ಇಣುಕಿ ನೋಡತೊಡಗಿತು. ಒಮ್ಮೆ ನಿಹಾಲಳಿಗೆ ಕೆಂಡದಂಥ ಜ್ವರ. ಸುದ್ದಿ ತಿಳಿದು ವಿಜ್ದಾನ್ ಓಡೋಡಿ ಬಂದು ಮಂಚದ ಪಕ್ಕ ಕೂತಳು. ಮಗು ಕಣ್ಣು ತೆರೆಯದೆಯೇ "ಅಮ್ಮಾ..." ಎಂದು ನರಳಿತು. ಇಬ್ಬರು ಹೆಂಗಸರೂ ಒಟ್ಟಿಗೆ ಬಾಗಿದರು. ಆ ಸುಡುವ ಕೈಗಳು ತಡಕಾಡಿ ಬತೂಲಳ ಕೊರಳನ್ನು ತಬ್ಬಿದವು! ವಿಜ್ದಾನ್ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಆ ನೀರಿನ ಸದ್ದಿನಲ್ಲಿ ಅತ್ತಳು.

ಇದಾದ ಕೆಲವು ವರ್ಷಗಳಿಗೆ ನಷ್ಟದಲ್ಲಿದ್ದ ಸರ್ಕಾರಿ ಕಾರ್ಖಾನೆಗಳ ವಿಚಾರ ಅವಳ ಸಮಿತಿಯ ಮುಂದೆ ಬಂತು. ಅವುಗಳಲ್ಲಿ ಒಂದು, ಬತೂಲಳ ಗಂಡ ರಮ್ಜಿ ದುಡಿಯುತ್ತಿದ್ದ ನೂಲಿನ ಗಿರಣಿ. ತನ್ನ ಮನೆಯವರದೆಂದು ಅದೊಂದನ್ನು ಬಿಟ್ಟುಬಿಡಲು ವಿಜ್ದಾನಳ ಮನಸ್ಸು ಒಪ್ಪಲಿಲ್ಲ. ಗಿರಣಿ ಮುಚ್ಚಬೇಕು, ಆದರೆ ಅದಕ್ಕೂ ಮೊದಲು ಕೆಲಸಗಾರರಿಗೆ ಬೇರೆ ದಾರಿ ಮಾಡಬೇಕು ಎಂದು ಸಲಹೆ ಕೊಟ್ಟಳು. ಸರ್ಕಾರ ಅರ್ಧ ಕೇಳಿತು, ಅರ್ಧ ಮರೆಯಿತು. ಅವಳು ಮಂತ್ರಿಯ ಬಾಗಿಲು ತಟ್ಟಿದಳು, ಜಗಳವಾಡಿದಳು. ಗಿರಣಿಗೆ ಮಾತ್ರ ಬೀಗ ಬಿತ್ತು. ರಮ್ಜಿ ಕೆಲಸ ಹುಡುಕಿಕೊಂಡು ಲಿಬಿಯಾಕ್ಕೆ ಹೋದ. ಆಗಾಗ ಬರುತ್ತಿದ್ದ ಅವನ ಫೋನು ಒಂದು ಚಳಿಗಾಲದಲ್ಲಿ ನಿಂತೇಹೋಯಿತು. ಬದುಕಿದ್ದಾನೋ ಇಲ್ಲವೋ ಎಂದು ಹೇಳುವವರೂ ಸಿಗಲಿಲ್ಲ.

ಈಗ ನಡುಮನೆಯಲ್ಲಿ ಗೋರಂಟಿಯ ತಟ್ಟೆ ಬಂತು. ಬಾರಿಸುತ್ತಿದ್ದ ಡೋಲಕ್ಕು ನಿಂತಿತು. ನೆರೆಮನೆಯ ಮುದುಕಿಯೊಬ್ಬಳು, "ಮೊದಲ ಬೊಟ್ಟು ತಾಯಿದು. ಎಲ್ಲಮ್ಮಾ ತಾಯಿ?" ಎಂದಳು.

ವಿಜ್ದಾನ್ ಎದ್ದಳು. ಬತೂಲಳ ಮುಖ ಕೆಂಪೇರಿತು.

"ಕೂತ್ಕೋ! ನನ್ನ ಗಂಡನ್ನ ಕಿತ್ಕೊಂಡೆ, ನಾನು ಬಾಯಿ ಮುಚ್ಕೊಂಡು ನಿನ್ನ ಮಗೂನ ಸಾಕ್ದೆ. ಇವತ್ತು ಇವಳ್ನೂ ಕಿತ್ಕೊಳ್ಳೋಕೆ ಬಂದ್ಯಾ?"

"ಕಿತ್ಕೊಂಡಿದ್ದು ನಾನೊಬ್ಳೇನಾ ಅಕ್ಕಾ? ಅವತ್ತು ನನ್ನ ಮಗು ಪೆಟ್ಟಿಗೆ ಬಿಚ್ಚಿಸಿದ್ದು ಯಾರು?"

"ಬಿಚ್ಚಿಸ್ದೆ! ನೀನ್ಯಾಕೆ ಬಿಟ್ಟೆ? ಹೆತ್ತವಳು ನೀನು, ನನ್ನ ಕೆನ್ನೆಗೆ ಬಾರಿಸಿ ಎತ್ಕೊಂಡು ಹೋಗ್ಬೇಕಿತ್ತು!"

ಇಷ್ಟು ವರ್ಷ ವಿಜ್ದಾನ್ ತನ್ನನ್ನು ತಾನೇ ಕೇಳಿಕೊಳ್ಳಲು ಹೆದರಿದ್ದ ಪ್ರಶ್ನೆ ಅದು...

"ಸಾಕು ಮಾಡ್ರಿ ಇಬ್ರೂ!" ನಿಹಾಲ್ ಎದ್ದು ನಿಂತಳು. ಕಾಡಿಗೆ ಕರಗಿ ಕೆನ್ನೆಗಿಳಿದಿತ್ತು. ತಾಯಿಯತ್ತ ತಿರುಗಿ ಕೇಳಿದಳು: "ನಿಜ ಹೇಳು. ಅದೇ ಕೆಲಸ ಮತ್ತೆ ಕರೆದ್ರೆ, ಮತ್ತೆ ಹೋಗ್ತಿದ್ಯಾ?"

ಸುಳ್ಳು ಹೇಳಿದ್ದರೆ ಮಗಳು ಆ ಕ್ಷಣವೇ ಅಪ್ಪಿಕೊಳ್ಳುತ್ತಿದ್ದಳೇನೋ. ವಿಜ್ದಾನ್ ಕಣ್ಣೊರೆಸಿಕೊಂಡಳು.

"ಹೋಗ್ತಿದ್ದೆ ಕಣೇ... ಹೋಗ್ತಿದ್ದೆ. ಆದ್ರೆ ನಿನ್ನ ಸೊಂಟಕ್ಕೇರಿಸ್ಕೊಂಡೇ ಹೋಗ್ತಿದ್ದೆ. ಯಾರು ಅಡ್ಡ ಬಂದ್ರೂ!"

ನಿಹಾಲ್ ಮೆಲ್ಲನೆ ಬಲಗೈಯನ್ನು ತಾಯಿಯ ಮುಂದೆ ಚಾಚಿದಳು. "ಹಚ್ಚು."

ಆ ಕೈಗಾಗಿ ಎಷ್ಟು ವರ್ಷ ಕಾದಿದ್ದಳು! ವಿಜ್ದಾನ್ ಅದನ್ನು ಎದೆಗೊತ್ತಿಕೊಂಡಳು. ಆದರೆ ಅವಳ ಕಣ್ಣು, ತಲೆವಸ್ತ್ರದ ಅಂಚನ್ನು ಬಾಯಿಗೊತ್ತಿ ಅಡಿಗೆಮನೆಯತ್ತ ಸರಿಯುತ್ತಿದ್ದ ಬತೂಲಳ ಮೇಲೆ ಬಿತ್ತು. ಗಂಡನೂ ಇಲ್ಲದ, ನಾಳೆಯಿಂದ ಮಗಳೂ ಇಲ್ಲದ ಆ ಬೆನ್ನು ಒಮ್ಮೆಗೇ ಮುದಿಯಾದಂತೆ ಕಂಡಿತು.

"ಅಕ್ಕಾ, ಎಲ್ಲಿಗೆ ಹೋಗ್ತೀರಾ? ಬನ್ನಿ. ಮೊದಲು ನೀವು ಹಚ್ಚಿ."

"ನಾನು... ಸೋದರತ್ತೆ."

"ಅವಳ ಜ್ವರ ಇಳಿಸಿದೋರು ನೀವು. ಅವಳು ಅಮ್ಮಾ ಅಂತ ತಬ್ಬಿದ್ದು ನಿಮ್ಮನ್ನೇ. ನಾನು ಪಕ್ಕದಲ್ಲೇ ಕೂತು ನೋಡಿದ್ದೀನಲ್ಲ. ಬನ್ನಿ."

ವಿಜ್ದಾನ್ ತಾನೇ ಹೋಗಿ ಬತೂಲಳನ್ನು ಕರೆತಂದು ತನ್ನ ಜಾಗದಲ್ಲಿ ಕೂರಿಸಿದಳು. ಬತೂಲ್ ಇಟ್ಟ ಬೊಟ್ಟು ಓರೆಯಾಯಿತು. "ಅಯ್ಯೋ, ಹಾಳು ಮಾಡ್ಬಿಟ್ನಲ್ಲೇ!" ಎಂದು ಅವಳು ಗೊಳೋ ಎಂದು ಅತ್ತಳು. ಹೆಂಗಸರು ನಾಲಿಗೆ ಆಡಿಸಿ ಹರ್ಷದ ಕೇಕೆ ಹಾಕಿದರು. ಎರಡನೆಯ ಬೊಟ್ಟನ್ನು ವಿಜ್ದಾನ್ ಇಟ್ಟಳು. ಮೂಲೆಯಲ್ಲಿ ಶೌಕಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನ ಭುಜ ಕುಲುಕುತ್ತಿತ್ತು.

ಮರುದಿನ ಮದುಮಗಳ ಕಾರು ಸಮುದ್ರದ ದಂಡೆಯ ದಾರಿಯಲ್ಲಿ ತಿರುಗಿ ಮರೆಯಾಯಿತು. ಹೊರಡುವಾಗ ನಿಹಾಲ್ ಇಬ್ಬರನ್ನೂ ತಬ್ಬಿದ್ದಳು. ಬತೂಲಳನ್ನು ತುಸು ಹೆಚ್ಚು ಹೊತ್ತು. ವಿಜ್ದಾನಳಿಗೆ ಅದರಲ್ಲಿ ಬೇಸರವಿರಲಿಲ್ಲ. ಅಸ್ವಾನಿಗೆ ಹೋದ ಈ ಎತ್ತರದ ಹುಡುಗಿ ಫೋನು ಮಾಡಿಯಾಳು, ಬಾ ಎಂದು ಕರೆದಾಳು. ಆದರೆ ವಿಜ್ದಾನಳ ಕೈಗಳು ಹಂಬಲಿಸುತ್ತಿದ್ದುದು ಆ ನಾಲ್ಕು ವರ್ಷದ ಪುಟ್ಟ ಮಗುವಿಗಾಗಿ. ಆ ಮಗು ಈಗ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ... ಇನ್ನು ಬರುವುದೂ ಇಲ್ಲ.

"ನಿನ್ನೆಯಿಂದ ಏನೂ ತಿಂದಿಲ್ಲ ನೀನು," ಎಂದಳು ಬತೂಲ್, ಮುಖ ನೋಡದೆ. "ಮೀನು, ಅನ್ನ ಉಳಿದಿದೆ."

"ನೀವೂ ತಿಂದಿಲ್ಲ."

ಅಡಿಗೆಮನೆಯ ಚಿಕ್ಕ ಮೇಜಿನ ಎರಡು ಬದಿಗೆ ಅವರು ಕೂತರು. ಬತೂಲ್ ಮೀನಿನ ಮುಳ್ಳು ಬಿಡಿಸಿ, ದೊಡ್ಡ ತುಂಡನ್ನು ವಿಜ್ದಾನಳ ತಟ್ಟೆಗೆ ಸರಿಸಿದಳು. ಕಿಟಕಿಯಿಂದ ಉಪ್ಪುಗಾಳಿ ಬೀಸುತ್ತಿತ್ತು. ಇಬ್ಬರೂ ಉಂಡರು.