ಇಪ್ಪತ್ತೊಂದನೇ ತಾಕು

ಕ್ಯಾಸಂಬಳ್ಳಿಯ ರಾಗಿ ಪ್ರಯೋಗದ ಹೊಲಕ್ಕೆ ಹರಿಪ್ರಿಯಾ ಕಾಲಿಟ್ಟಾಗ ಬೆಳಗಿನ ಏಳು ಗಂಟೆ. ಇಪ್ಪತ್ತನಾಲ್ಕು ತಾಕುಗಳಲ್ಲಿ ಮೂರಕ್ಕೆ ತಲೆಯೇ ಇರಲಿಲ್ಲ. ಮೂರು, ಹನ್ನೆರಡು, ಇಪ್ಪತ್ತೊಂದು. ಯಾರೋ ತೆನೆಗಳನ್ನೆಲ್ಲ ಕೊಯ್ದೊಯ್ದಿದ್ದರು. ನಕ್ಷೆ ಬಿಡಿಸಿ ನೋಡಿದಳು. ಮೂರೂ ಏಳನೇ ತಳಿಯವು. ಅವಳ ಸಂಶೋಧನೆ ನಿಂತಿದ್ದುದೇ ಆ ತಳಿಯ ಮೇಲೆ.

ವಿಶ್ವವಿದ್ಯಾಲಯದ ವಿಸ್ತರಣಾಧಿಕಾರಿ ಸುಧಾಕರ್ ಸಬ್‌ಇನ್ಸ್‌ಪೆಕ್ಟರರನ್ನು ಕರೆತಂದರು. "ಪಕ್ಕದ ಹೊಲದ ಮುನಿರಾಜು ಹೋದ ವಾರ ಬೀಜ ಕೇಳಿದ್ದ. ಕೊಡಲಿಲ್ಲ ಅಂತ ಕದ್ದಿದ್ದಾನೆ," ಎಂದರು. ಮುನಿರಾಜುವನ್ನು ಜೀಪಿನ ಪಕ್ಕ ಕೂರಿಸಿದರು. ಅವನ ಹೆಂಡತಿ ಬದುವಿನ ಮೇಲೆ ನಿಂತು ಅಳತೊಡಗಿದಳು.

ಹರಿಪ್ರಿಯಾ ಫೋನ್ ಮಾಡಿದ್ದು ಮಾರಿಯಮ್ಮನಿಗೆ. ಹತ್ತಿರದ ಚಿನ್ನದ ಗಣಿ ಬಡಾವಣೆ ಮೈಸೂರು ಮೈನ್ಸ್‌ನಲ್ಲಿ ಅವಳು ಬಾಡಿಗೆಗಿದ್ದ ಮನೆಯೊಡತಿ. ಪೊಲೀಸ್ ಕೆಲಸದಿಂದ ನಿವೃತ್ತಿಯಾಗಿದ್ದರೂ ಸುತ್ತಿನವರ ಕಳವು, ಜಗಳಗಳೆಲ್ಲ ಬಗೆಹರಿಯುತ್ತಿದ್ದುದು ಅವಳ ಜಗಲಿಯಲ್ಲೇ. ಆಟೋದಲ್ಲಿ ಬಂದಿಳಿದವಳಿಗೆ ಸಬ್‌ಇನ್ಸ್‌ಪೆಕ್ಟರ್ ಅರ್ಧ ಗಂಟೆ ಕೊಟ್ಟರು.

"ಈ ಗೂಟಗಳ ಮೇಲೆ ಹೆಸರಿಲ್ಲ, ಬರೀ ನಂಬರಾ?"

"ಹೌದಕ್ಕ. ಯಾವ ನಂಬರಿಗೆ ಯಾವ ತಳಿ ಅನ್ನೋದು ನಕ್ಷೆಯಲ್ಲಿ ಮಾತ್ರ. ಅದಿರೋದು ನನ್ನ ಹತ್ರ, ಸುಧಾಕರ್ ಸರ್ ಹತ್ರ."

"ತೆನೆ ನೋಡಿದ್ರೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಏಳನೇದರ ತೆನೆ ಮುಷ್ಟಿ ಕಟ್ಟಿದ ಹಾಗಿರುತ್ತೆ, ಬೇರೆಯವು ಬೆರಳು ಬಿಚ್ಚಿದ ಹಾಗೆ. ತೆನೆ ಬಂದ ಮೇಲೆ ಜ್ವರದಲ್ಲಿ ಮಲಗಿದ್ದೆ, ಇವತ್ತೇ ಬಂದಿದ್ದು."

ಮಾರಿಯಮ್ಮ ಬೋಳಾದ ತಾಕುಗಳಲ್ಲಿ ಬಗ್ಗಿ ಬಗ್ಗಿ ಉದುರಿದ ತೆನೆಗಳನ್ನು ಆರಿಸಿದಳು. "ಈ ಏಳನೇದರ ಬಗ್ಗೆ ಮೊದಲೇ ಯಾರಾದ್ರೂ ಬರೆದಿದ್ದಾರಾ?"

"ಸುಧಾಕರ್ ಸರ್ ವರದಿ ಕೊಟ್ಟಿದ್ದಾರೆ. ಹೋದ ವರ್ಷ ಬಂಗಾರಪೇಟೆ ಹತ್ರ ಶ್ರೀರಾಮಪ್ಪ ಅನ್ನೋರ ಹೊಲದಲ್ಲಿ ಭಾರಿ ಇಳುವರಿ ಬಂತಂತೆ."

ಮಾರಿಯಮ್ಮ ದೂರ ಹೋಗಿ ಯಾರ ಜೊತೆಗೋ ತೆಲುಗಿನಲ್ಲಿ ಫೋನಿನಲ್ಲಿ ಮಾತಾಡಿ ಬಂದಳು. ಎಲ್ಲರನ್ನೂ ಹೊಂಗೆ ಮರದಡಿ ಸೇರಿಸಿದಳು.

"ಮುನಿರಾಜು, ನೀನು ಕೇಳಿದ್ದು ಯಾವ ರಾಗಿ? ತೋರ್ಸು."

ಅವನೆದ್ದು ನೇರ ಇಪ್ಪತ್ತೆರಡನೇ ತಾಕಿಗೆ ಹೋಗಿ ಪೈರಿನಲ್ಲೇ ಇದ್ದ ತೆನೆ ಹಿಡಿದ. "ಇದೇ ಕಣಮ್ಮೋ, ಮುಷ್ಟಿ ತೆನೆ. ಆ ಕಡೆ ಬೋಳಾಗಿರೋ ಎಲ್ಡು ಮಡೀಲೂ ಇತ್ತು."

ಹರಿಪ್ರಿಯಾ ಮತ್ತೆ ನಕ್ಷೆ ಬಿಡಿಸಿದಳು. ನಕ್ಷೆಯ ಪ್ರಕಾರ ಇಪ್ಪತ್ತೆರಡರಲ್ಲಿ ಬೇರೆ ತಳಿ ಇರಬೇಕಿತ್ತು.

"ಮೂರು, ಹನ್ನೆರಡರಲ್ಲಿ ಉದುರಿದ್ದು ಮುಷ್ಟಿ ತೆನೆ," ಮಾರಿಯಮ್ಮ ಅಂಗೈ ಬಿಚ್ಚಿದಳು. "ಇಪ್ಪತ್ತೊಂದರಲ್ಲಿ ಬಿಚ್ಚಿದ ತೆನೆ. ಬಿತ್ತುವಾಗ ಎರಡು ತಾಕು ಅದಲುಬದಲಾಗಿವೆ. ಬೀಜಕ್ಕೆ ಆಸೆಪಟ್ಟ ರೈತ ಮುಷ್ಟಿ ತೆನೆ ಬಿಟ್ಟು ಪಕ್ಕದ್ದನ್ನ ಕೊಯ್ತಾನಾ? ಕೊಯ್ದೋರು ತೆನೆ ನೋಡಿಲ್ಲ, ಗೂಟದ ನಂಬರ್ ನೋಡಿದ್ದಾರೆ. ನಕ್ಷೆ ಇರೋದು ಇಬ್ಬರ ಹತ್ರ. ಈ ಹುಡುಗಿ ರಾತ್ರಿಯೆಲ್ಲ ನನ್ನ ಪಕ್ಕದಲ್ಲೇ ಮಲಗಿದ್ಲು."

ಸುಧಾಕರ್ ನಕ್ಕರು. "ಅದಲುಬದಲಾ? ಹರಿಪ್ರಿಯಾ, ನೀವು ಅಂಥ ತಪ್ಪು ಮಾಡ್ತೀರಾ? ಮಾಡಿದ್ರೆ ಈ ಪ್ರಯೋಗಕ್ಕೆ ಬೆಲೆಯೇ ಇಲ್ಲ, ಗೊತ್ತಲ್ಲ?"

ಗೊತ್ತಿತ್ತು. ಬಿತ್ತನೆಯ ದಿನ ಧೋ ಎಂದು ಸುರಿದ ಮಳೆಯೂ ನೆನಪಾಯಿತು. ಬದುವಿನ ಮೇಲಿದ್ದ ಹೆಂಗಸು ಅಳು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು.

"ಮಾಡಿದ್ದೀನಿ ಸರ್. ಮಳೆ ಬಂತು ಅಂತ ಕೊನೆಯ ಪೊಟ್ಟಣಗಳ ಚೀಟಿ ನೋಡದೆ ಸುರಿದೆ."



"ಆಗ ಶ್ರೀರಾಮಪ್ಪನಿಗೇ ಫೋನ್ ಮಾಡಿದ್ದೆ. ಅವನ ಹೊಲದಲ್ಲಿ ಹೋದ ವರ್ಷ ಇದ್ದಿದ್ದು ಟೊಮೆಟೊ, ರಾಗಿ ಬಿತ್ತೇ ಇಲ್ಲ ಅಂದ," ಎಂದಳು ಮಾರಿಯಮ್ಮ. "ಇಲ್ಲಿ ಬೆಳೆ ತೂಗಿದ್ರೆ ನಿಮ್ಮ ಸುಳ್ಳು ಬಯಲಾಗ್ತಿತ್ತು. ಅದಕ್ಕೇ ಬರೀ ಏಳನೇದು ಕೊಯ್ದ್ರಿ."

ಸುಧಾಕರ್ ಸಬ್‌ಇನ್ಸ್‌ಪೆಕ್ಟರರ ಕಡೆ ತಿರುಗಿದರು. "ತೆನೆ ನನ್ನ ಮನೆಯಲ್ಲಿದೆ."

ಹರಿಪ್ರಿಯಾ ತನ್ನ ತಪ್ಪನ್ನೂ ಸೇರಿಸಿ ವಿಶ್ವವಿದ್ಯಾಲಯಕ್ಕೆ ಬರೆದಳು. ಪ್ರಯೋಗ ರದ್ದಾಯಿತು, ಅವಳ ಸಂಶೋಧನೆಯ ಒಂದು ವರ್ಷ ವ್ಯರ್ಥವಾಯಿತು. ಆ ಸುದ್ದಿ ಕೇಳಿ ಮುನಿರಾಜು ಹೆಂಡತಿಯೊಂದಿಗೆ ಮೈಸೂರು ಮೈನ್ಸ್‌ಗೆ ಬಂದ.

"ಮುಂಗಾರಿಗೆ ನಮ್ಮ ಒಲದಾಗೇ ಬಿತ್ತಮ್ಮ," ಎಂದ. "ಕಾವಲಿಗೆ ನಾನಿವ್ನಿ."